ಕ್ರೋಶಾ ಹೂವು ಮತ್ತು ತಲೆಪಟ್ಟಿ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಅಳತೆ ಹಾಗೂ ಕೂಲಿಯ ಲೆಕ್ಕ

ಅಡಿಕೆ ಸುಲಿತದ ಕಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಯಾವುದೇ ಊರಿನ ಅಂಗಳಕ್ಕೆ ಹೋದರೂ ಮೆಟ್ಟುಗತ್ತಿಯ ಮುಂದೆ ಕುಳಿತ ಮಹಿಳೆಗೆ ತನ್ನ ಕೂಲಿಯ ಲೆಕ್ಕ ಬಾಯಲ್ಲೇ ಇರುತ್ತದೆ. ಒಂದು ರಾತ್ರಿಗೆ ಎಷ್ಟು ಸುಲಿಯಬಹುದು, ಅಷ್ಟಕ್ಕೆ ಎಷ್ಟು ಹಣ ಬರುತ್ತದೆ, ಪಕ್ಕದ ಊರಿನಲ್ಲಿ ಈ ವರ್ಷ ಎಷ್ಟು ಕೊಡುತ್ತಿದ್ದಾರೆ ಎಂಬುದನ್ನು ಆಕೆ ತಡವರಿಸದೆ ಹೇಳಬಲ್ಲಳು. ಅದೇ ಮಹಿಳೆ ಮಳೆಗಾಲದ ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಕ್ರೋಶಾ ಕಡ್ಡಿಯಿಂದ ಒಂದು ಪುಟ್ಟ ಹೂವನ್ನು ಹೆಣೆದಾಗ, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ಸಾಮಾನ್ಯವಾಗಿ ನಗುತ್ತಾಳೆ. "ಹೊತ್ತು ಹೋಗಲಿ ಎಂದು ಮಾಡಿದ್ದು" ಎಂಬ ಉತ್ತರ ಬರುತ್ತದೆ. ಆ ಹೂವನ್ನು ಯಾರಾದರೂ ಕೊಳ್ಳಲು ಬಂದಾಗ ಬೆಲೆ ನಿರ್ಧರಿಸುವವರು ಕೊಳ್ಳುವವರೇ ಆಗಿರುತ್ತಾರೆ.

ಮಹಿಳಾ ಸ್ವಸಹಾಯ ಸಂಘಗಳಿಗೆ ಕಸೂತಿ, ಹೊಲಿಗೆ, ಕ್ರೋಶಾ ಮುಂತಾದ ತರಬೇತಿಗಳನ್ನು ಏರ್ಪಡಿಸುವಂತೆ ಗ್ರಾಮ ಸಭೆಗಳಲ್ಲಿ, ಮಹಿಳಾ ಗ್ರಾಮ ಸಭೆಗಳಲ್ಲಿ ಬೇಡಿಕೆ ಬರುವುದುಂಟು. ತರಬೇತಿಯ ಉದ್ಘಾಟನೆಗೂ ಪ್ರಮಾಣಪತ್ರ ವಿತರಣೆಗೂ ಸದಸ್ಯರನ್ನು ಆಹ್ವಾನಿಸಲಾಗುತ್ತದೆ. ಆದರೆ ಆ ಬಳಿಕ ಸಂಘದ ಮಹಿಳೆಯರಿಗೆ ಕೆಲಸ ಸಿಕ್ಕಿತೇ, ಸಿಕ್ಕ ಕೆಲಸಕ್ಕೆ ನ್ಯಾಯವಾದ ಕೂಲಿ ದೊರೆಯಿತೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯನ್ನು ಕೇಳಲು ಸದಸ್ಯರಿಗೆ ಹೆಣಿಗೆ ಬರಬೇಕಾಗಿಲ್ಲ. ಆದರೆ ಒಂದು ಹೂವು ಹೇಗೆ ಆಗುತ್ತದೆ, ತಲೆಪಟ್ಟಿಯ ಅಳತೆ ಹೇಗೆ ಬರುತ್ತದೆ, ಅದರಲ್ಲಿ ಎಷ್ಟು ಹೊತ್ತಿನ ದುಡಿಮೆ ಅಡಗಿದೆ ಎಂಬುದು ತಿಳಿದಿರಬೇಕು. ಪ್ರಸ್ತುತ ಲೇಖನದ ಉದ್ದೇಶ ಇಷ್ಟೇ ಆಗಿದೆ.

1. ಕ್ರೋಶಾ ಹೆಣಿಗೆಯ ಸ್ವರೂಪ

ಕ್ರೋಶಾ ಎಂಬುದು ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ಮಾಡುವ ಹೆಣಿಗೆ. ಸ್ವೆಟರ್ ಹೆಣಿಗೆಯಲ್ಲಿ ಎರಡು ಕಡ್ಡಿಗಳಿದ್ದು, ಅನೇಕ ಕುಣಿಕೆಗಳು ಒಟ್ಟಿಗೆ ಕಡ್ಡಿಯ ಮೇಲೆ ಇರುತ್ತವೆ. ಕಡ್ಡಿ ಜಾರಿದರೆ ಹೆಣಿಗೆ ಬಿಚ್ಚಿಹೋಗುವ ಭಯವಿದೆ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಬಹುತೇಕ ಒಂದೇ ಕುಣಿಕೆ ಉಳಿದಿರುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿದಾಗ, ಕೊಟ್ಟಿಗೆಯಲ್ಲಿ ಕರು ಕೂಗಿದಾಗ ಕೆಲಸವನ್ನು ಅಲ್ಲಿಯೇ ಇಟ್ಟು ಎದ್ದುಹೋಗಬಹುದು. ಹಿಂತಿರುಗಿ ಬಂದು ಅದೇ ಕುಣಿಕೆಯಿಂದ ಮುಂದುವರಿಸಬಹುದು. ಮನೆಯ ಕೆಲಸದ ನಡುವೆ ತುಂಡು ತುಂಡಾಗಿ ಬಿಡುವು ಸಿಗುವ ಮಹಿಳೆಗೆ ಈ ಹೆಣಿಗೆ ಒಗ್ಗುವುದು ಈ ಕಾರಣದಿಂದ.

ಇಡೀ ಮೇಜುಹಾಸಿಗೆ ಬದಲು ಪುಟ್ಟ ಹೂವುಗಳನ್ನು ಆರಿಸಿಕೊಳ್ಳುವುದರಲ್ಲಿ ಇನ್ನೂ ಒಂದು ಅನುಕೂಲವಿದೆ. ಈ ಮೂರು ತಾಲ್ಲೂಕುಗಳಲ್ಲಿ ಮನೆಗಳು ತೋಟದ ನಡುವೆ, ಗುಡ್ಡದ ಬುಡದಲ್ಲಿ ಒಂದಕ್ಕೊಂದು ದೂರವಾಗಿ ಚದುರಿಕೊಂಡಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹತ್ತು ಮಂದಿ ಒಂದೆಡೆ ಸೇರಿ ದಿನವೂ ಕೆಲಸ ಮಾಡುವುದು ಅಸಾಧ್ಯ. ಹೂವುಗಳಾದರೋ ಹತ್ತು ಮನೆಗಳಲ್ಲಿ ಬೇರೆ ಬೇರೆಯಾಗಿ ತಯಾರಾಗಿ, ವಾರಕ್ಕೊಮ್ಮೆ ಒಂದೆಡೆ ಬಂದು ತಲೆಪಟ್ಟಿಗೆ ಜೋಡಣೆಯಾಗಬಹುದು. ಈ ವಿಧಾನ ಹೊಸದೂ ಅಲ್ಲ. 1845ರ ನಂತರದ ಘೋರ ಕ್ಷಾಮದ ವರ್ಷಗಳಲ್ಲಿ ಐರ್ಲೆಂಡಿನ ಬಡ ಕುಟುಂಬಗಳು ಕ್ರೋಶಾ ಹೆಣಿಗೆಯಿಂದ ಜೀವ ಹಿಡಿದುಕೊಂಡವು. ಗುಲಾಬಿ, ಎಲೆ, ಮೂರೆಸಳಿನ ಸೊಪ್ಪು ಮುಂತಾದ ತುಣುಕುಗಳನ್ನು ಬಿಡಿಯಾಗಿ ಹೆಣೆದು, ಅನಂತರ ಬಲೆಯಂತಹ ಹೆಣಿಗೆಯಿಂದ ಕೂಡಿಸುವುದು ಅಲ್ಲಿನ ಕ್ರೋಶಾದ ವಿಶೇಷವಾಗಿತ್ತು.

ಇನ್ನೊಂದು ಸಂಗತಿಯನ್ನೂ ಸದಸ್ಯರು ಗಮನಿಸಬೇಕು. ಸ್ವೆಟರ್ ಹೆಣಿಗೆಗೆ ಕಾರ್ಖಾನೆಯ ಯಂತ್ರಗಳಿವೆ; ಕೈಯ ಕ್ರೋಶಾವನ್ನು ಯಥಾವತ್ತಾಗಿ ಹೆಣೆಯುವ ಯಂತ್ರ ಕಾರ್ಖಾನೆಗಳ ಬಳಕೆಗೆ ಬಂದಿಲ್ಲ. ಆದ್ದರಿಂದ ಪೇಟೆಯಲ್ಲಿ ಅತಿ ಅಗ್ಗವಾಗಿ ಮಾರಾಟವಾಗುವ ನಿಜವಾದ ಕ್ರೋಶಾ ವಸ್ತುವೂ ಯಾವುದೋ ಊರಿನ ಒಬ್ಬ ವ್ಯಕ್ತಿಯ ಕೈಯಿಂದಲೇ ಆಗಿರುತ್ತದೆ. ಅದರ ಅಗ್ಗದ ಬೆಲೆ ಬಹಳ ಸಲ ಆ ಕೈಗೆ ಸಿಗದ ಕೂಲಿಯಿಂದ ಬಂದದ್ದು.

2. ಐದು ಎಸಳಿನ ಹೂವು

ನಮ್ಮ ಅಂಗಳದ ನಂದಿಬಟ್ಟಲು ಮತ್ತು ದಾಸವಾಳಗಳಿಗೆ ಐದು ಎಸಳು, ಸುರಗಿಗೆ ನಾಲ್ಕು. ಬಾಳೆನಾರಿನಲ್ಲಿ ಹೂವಿನ ದಂಡೆ ಕಟ್ಟಿ ಅಭ್ಯಾಸವಿರುವ ಮಹಿಳೆಗೆ ಹೂವುಗಳನ್ನು ಎಣಿಸುವುದು, ಎರಡು ಹೂವಿನ ನಡುವೆ ಸಮ ಅಂತರ ಇಡುವುದು ಮೊದಲೇ ಗೊತ್ತಿರುತ್ತದೆ. ಆಕೆಗೆ ಹೊಸದಾಗಿ ಕಲಿಯಬೇಕಾದದ್ದು ನಾಲ್ಕು ಬಗೆಯ ಕುಣಿಕೆಗಳು ಮಾತ್ರ. ಇವುಗಳನ್ನು ಹೆಣೆಯುವವರು ಚೈನ್, ಸ್ಲಿಪ್, ಸಿಂಗಲ್ ಮತ್ತು ಡಬಲ್ ಎಂದೇ ಕರೆಯುತ್ತಾರೆ. ಚೈನ್ ಎಂದರೆ ಸರಪಳಿಯ ಒಂದು ಕೊಂಡಿ. ಸ್ಲಿಪ್ ಎಂದರೆ ಎತ್ತರವಿಲ್ಲದೆ ಎರಡು ಕಡೆ ಸೇರಿಸುವ ಕುಣಿಕೆ. ಸಿಂಗಲ್ ಗಿಡ್ಡದು, ಡಬಲ್ ಅದಕ್ಕಿಂತ ಎತ್ತರವಾದದ್ದು.

ನಾಲ್ಕೆಳೆಯ ಹತ್ತಿ ನೂಲು ಮತ್ತು ಮೂರು ಮಿಲಿಮೀಟರ್ ಕಡ್ಡಿಯನ್ನು ಬಳಸಿದಾಗ ಹೂವಿನ ಕ್ರಮ ಹೀಗಿರುತ್ತದೆ.

(ಅ) ಐದು ಚೈನ್ ಹಾಕಿ, ಮೊದಲ ಚೈನಿಗೆ ಸ್ಲಿಪ್ ಮಾಡಿ ಉಂಗುರ ಮಾಡುವುದು.

(ಆ) ಒಂದು ಚೈನ್ ಏರಿ, ಉಂಗುರದೊಳಗೆ ಹತ್ತು ಸಿಂಗಲ್ ಹೆಣೆದು, ಮೊದಲ ಸಿಂಗಲಿಗೆ ಸ್ಲಿಪ್ ಮಾಡಿ ಸುತ್ತನ್ನು ಮುಗಿಸುವುದು. ಇದು ಹೂವಿನ ನಡುಭಾಗ.

(ಇ) ಎರಡು ಚೈನ್ ಹಾಕಿ, ಮುಂದಿನ ಸಿಂಗಲಿನಲ್ಲಿ ಮೂರು ಡಬಲ್ ಹೆಣೆದು, ಮತ್ತೆ ಎರಡು ಚೈನ್ ಹಾಕಿ, ಅದರ ಮುಂದಿನ ಸಿಂಗಲಿಗೆ ಸ್ಲಿಪ್ ಮಾಡುವುದು. ಇದು ಒಂದು ಎಸಳು.

(ಈ) ಇದೇ ಕ್ರಮವನ್ನು ಇನ್ನೂ ನಾಲ್ಕು ಸಲ ಮಾಡಿದರೆ ಐದು ಎಸಳುಗಳು ಪೂರ್ಣವಾಗಿ, ಕೊನೆಯ ಸ್ಲಿಪ್ ಮೊದಲ ಸಿಂಗಲಿಗೇ ಬಂದು ಸೇರುತ್ತದೆ. ನೂಲನ್ನು ಸುಮಾರು ಒಂದು ಗೇಣು ಬಿಟ್ಟು ಕತ್ತರಿಸಿ, ಕುಣಿಕೆಯ ಮೂಲಕ ಎಳೆದು ಬಿಗಿ ಮಾಡುವುದು.

ಪ್ರತಿ ಎಸಳಿಗೆ ಎರಡು ಸಿಂಗಲ್ ಬೇಕಾಗುವುದರಿಂದ ಹತ್ತಕ್ಕೆ ಐದು ಎಸಳು. ನಡುಭಾಗದಲ್ಲಿ ಹತ್ತರ ಬದಲು ಎಂಟು ಸಿಂಗಲ್ ಹೆಣೆದರೆ ನಾಲ್ಕೆಸಳಿನ ಸುರಗಿಯಂತಹ ಹೂವು ಬರುತ್ತದೆ. ಬಿಳಿ ಎಸಳಿಗೆ ಹಳದಿ ನಡು ಇಟ್ಟರೆ ಆಯಿತು. ಐದೆಸಳಿನ ಹೂವಿನ ಕುಣಿಕೆಗಳನ್ನು ಎಣಿಸಿದರೆ ಉಂಗುರಕ್ಕೆ 6, ನಡುಭಾಗಕ್ಕೆ 12, ಎಸಳುಗಳಿಗೆ 40, ಒಟ್ಟು 58 ಆಗುತ್ತವೆ. ಕೂಲಿಯ ಲೆಕ್ಕಕ್ಕೆ ಈ ಎಣಿಕೆ ಮುಂದೆ ಬೇಕಾಗುವುದು.

3. ಜೊತೆಗೆ ಹೊಂದುವ ತಲೆಪಟ್ಟಿ

ಹೂವು ಸ್ವಲ್ಪ ದೊಡ್ಡದಾದರೂ ನಡೆಯುತ್ತದೆ. ತಲೆಪಟ್ಟಿ ತಲೆಗೆ ಸರಿಹೊಂದದಿದ್ದರೆ ಮಾರಾಟವಾದ ವಸ್ತುವೂ ಹಿಂದಿರುಗುತ್ತದೆ. ಆದುದರಿಂದ ಪಟ್ಟಿಯ ಅಳತೆಯನ್ನು ಅಂದಾಜಿಗೆ ಬಿಡಬಾರದು.

ತಲೆಯ ಸುತ್ತಳತೆಯನ್ನು ಹಣೆಯ ಮೇಲ್ಭಾಗದಿಂದ ಕಿವಿಯ ಹಿಂದೆ ಹಾದು ಟೇಪಿನಿಂದ ಅಳೆಯಬೇಕು. ಸ್ಥೂಲವಾಗಿ ಅಂಗನವಾಡಿ ವಯಸ್ಸಿನ ಮಗುವಿಗೆ 50, ಹಿರಿಯ ಪ್ರಾಥಮಿಕ ಶಾಲೆಯ ಬಾಲಕಿಗೆ 53, ವಯಸ್ಕ ಮಹಿಳೆಗೆ 55 ಸೆಂಟಿಮೀಟರ್ ಎಂದು ಹಿಡಿಯಬಹುದು. ಹೆಣಿಗೆ ಹಿಗ್ಗುವುದರಿಂದ ಪಟ್ಟಿಯ ಉದ್ದ ತಲೆಯ ಸುತ್ತಳತೆಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆಯಿರಬೇಕು. ಅಂದರೆ 50 ಸೆಂಟಿಮೀಟರ್ ತಲೆಗೆ 45, 53ಕ್ಕೆ ಸುಮಾರು 48, 55ಕ್ಕೆ ಸುಮಾರು 50 ಸೆಂಟಿಮೀಟರ್ ಪಟ್ಟಿ. ಹತ್ತಿ ನೂಲು ಕಡಿಮೆ ಹಿಗ್ಗುತ್ತದೆ, ಅಂಗಡಿಗಳಲ್ಲಿ ಉಲ್ಲನ್ ಎಂಬ ಹೆಸರಿನಲ್ಲಿ ಸಿಗುವ ಅಕ್ರಿಲಿಕ್ ದಾರ ಹೆಚ್ಚು ಹಿಗ್ಗುತ್ತದೆ. ನೂಲು ಬದಲಾದರೆ ಮಾದರಿಯನ್ನು ಮತ್ತೆ ಹೆಣೆದು ನೋಡುವುದು ಅವಶ್ಯ.

ಹೆಣೆಯುವ ಕ್ರಮ ಸರಳವಾಗಿದೆ. ಹನ್ನೆರಡು ಚೈನ್ ಹಾಕಿ, ಎರಡನೆಯ ಚೈನಿನಿಂದ ಆರಂಭಿಸಿ ಹನ್ನೊಂದು ಸಿಂಗಲ್ ಹೆಣೆಯುವುದು. ಮುಂದೆ ಪ್ರತಿ ಸಾಲಿನ ಆರಂಭದಲ್ಲಿ ಒಂದು ಚೈನ್ ಹಾಕಿ ತಿರುಗಿ, ಹಿಂದಿನ ಸಾಲಿನ ಕುಣಿಕೆಯ ಎರಡು ಎಳೆಗಳಲ್ಲಿ ಹಿಂಬದಿಯ ಎಳೆಯನ್ನು ಮಾತ್ರ ಹಿಡಿದು ಹನ್ನೊಂದು ಸಿಂಗಲ್ ಹೆಣೆಯುವುದು. ಹಿಂಬದಿಯ ಎಳೆ ಮಾತ್ರ ಹಿಡಿಯುವುದರಿಂದ ಪಟ್ಟಿಯಲ್ಲಿ ಏಣುಗಳು ಮೂಡಿ ಅದು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಬೇಕಾದ ಉದ್ದ ಬಂದ ಮೇಲೆ ಎರಡು ತುದಿಗಳನ್ನು ಸ್ಲಿಪ್ ಕುಣಿಕೆಯಿಂದ ಕೂಡಿಸುವುದು.

ಎಷ್ಟು ಸಾಲು ಬೇಕು ಎಂಬುದನ್ನು ಮಾದರಿ ತುಂಡಿನಿಂದ ಕಂಡುಕೊಳ್ಳಬೇಕು. ಇಪ್ಪತ್ತು ಸಾಲು ಹೆಣೆದು, ಎಳೆಯದೆ ಮೇಜಿನ ಮೇಲಿಟ್ಟು, ನಡುವಿನ ಹತ್ತು ಸಾಲುಗಳ ಉದ್ದ ಅಳೆಯುವುದು. ಹತ್ತು ಸಾಲಿಗೆ 5 ಸೆಂಟಿಮೀಟರ್ ಬಂದರೆ 50 ಸೆಂಟಿಮೀಟರ್ ಪಟ್ಟಿಗೆ ನೂರು ಸಾಲು. ಇನ್ನೊಬ್ಬರ ಕೈ ಬಿಗಿಯಾಗಿದ್ದು ಹತ್ತು ಸಾಲಿಗೆ 4 ಸೆಂಟಿಮೀಟರ್ ಬಂದರೆ ಅದೇ ಉದ್ದಕ್ಕೆ ನೂರ ಇಪ್ಪತ್ತೈದು ಸಾಲು ಬೇಕು. ಅಂತಹ ಸಂದರ್ಭದಲ್ಲಿ ಸಾಲು ಹೆಚ್ಚಿಸುವ ಬದಲು ಅರ್ಧ ಮಿಲಿಮೀಟರ್ ದಪ್ಪನೆಯ ಕಡ್ಡಿ ಕೊಟ್ಟು ನೋಡುವುದು ಲೇಸು. ದುಡಿಮೆಯೂ ನೂಲೂ ಉಳಿಯುತ್ತವೆ.

ಹೂವುಗಳನ್ನು ಜೋಡಿಸುವಾಗ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಎಸಳಿನ ಅಂಚುಗಳನ್ನೂ ಸೇರಿಸಿ ಹೂವನ್ನು ಪಟ್ಟಿಗೆ ಬಿಗಿಯಾಗಿ ಹೊಲಿದರೆ ಆ ಭಾಗ ಹಿಗ್ಗುವುದಿಲ್ಲ. ಪಟ್ಟಿ ತಲೆಗೆ ಏರುವುದಿಲ್ಲ. ಹೂವಿನ ನಡುಭಾಗವನ್ನು ಮಾತ್ರ, ಉಳಿಸಿಕೊಂಡ ನೂಲಿನಿಂದಲೇ ಹೊಲಿದು, ಎಸಳುಗಳನ್ನು ಬಿಡಿಯಾಗಿ ಬಿಡಬೇಕು. ಸುಮಾರು 4 ಸೆಂಟಿಮೀಟರ್ ಅಗಲದ ಐದು ಹೂವುಗಳನ್ನು ಒಂದೊಂದು ಸೆಂಟಿಮೀಟರ್ ಅಂತರದಲ್ಲಿಟ್ಟರೆ 24 ಸೆಂಟಿಮೀಟರ್ ಆಗುತ್ತದೆ. ಪಟ್ಟಿಯ ಮುಂಭಾಗ ತುಂಬುತ್ತದೆ, ಹಿಂಭಾಗ ಹಿಗ್ಗಲು ಉಳಿಯುತ್ತದೆ. ಹೂವಿನ ನಡುಭಾಗಕ್ಕೂ ಪಟ್ಟಿಗೂ ಒಂದೇ ಬಣ್ಣ ಬಳಸಿದರೆ ಎರಡೂ ಜೊತೆಯವು ಎಂದು ಕಾಣುತ್ತದೆ. ಪುಟ್ಟ ಮಕ್ಕಳ ಪಟ್ಟಿಗೆ ಮಣಿ, ಗುಂಡಿಗಳನ್ನು ಹಾಕತಕ್ಕದ್ದಲ್ಲ. ಕಿತ್ತು ಬಾಯಿಗೆ ಹೋಗುವ ಅಪಾಯವಿದೆ.

4. ಹತ್ತು ಮನೆಯ ಹೂವಿಗೆ ಒಂದೇ ಅಳತೆ

ಶಿರಸಿಯ ಮಾರುಕಟ್ಟೆಯಲ್ಲಿ ಅಡಿಕೆಯನ್ನು ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ವಿಂಗಡಿಸದೆ ಯಾರೂ ದರ ಹೇಳುವುದಿಲ್ಲ. ನೂರಾರು ತೋಟಗಳ ಅಡಿಕೆ ಒಂದೇ ಹೆಸರಿನಲ್ಲಿ ಮಾರಾಟವಾಗಲು ಈ ವಿಂಗಡಣೆಯೇ ಆಧಾರ. 1923ರಲ್ಲಿ ಶಿರಸಿಯಲ್ಲಿ ಆರಂಭವಾದ ತೋಟಗಾರರ ಸಹಕಾರಿ ಮಾರಾಟ ಸಂಘ ಬಿಡಿ ಬೆಳೆಗಾರನಿಗೆ ಇಲ್ಲದ ಶಕ್ತಿಯನ್ನು ಒಟ್ಟು ಮಾರಾಟದಿಂದ ತಂದುಕೊಟ್ಟಿತು. ಹತ್ತು ಮನೆಗಳಲ್ಲಿ ತಯಾರಾಗುವ ಹೂವುಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಹೂವುಗಳು ಒಂದೇ ಅಳತೆಯಲ್ಲಿ ಇಲ್ಲದಿದ್ದರೆ ಕೊಳ್ಳುವವನು ಚೆನ್ನಾದವನ್ನು ಆರಿಸಿಕೊಂಡು ಉಳಿದವಕ್ಕೆ ಬೆಲೆ ಇಳಿಸುತ್ತಾನೆ.

ಇದಕ್ಕೆ ಒಕ್ಕೂಟದ ಕಚೇರಿಯಲ್ಲಿ ಮೂರು ವಸ್ತುಗಳು ಸಾಕು. ಒಂದು, ಎಲ್ಲರೂ ಒಪ್ಪಿದ ಮಾದರಿ ಹೂವು ಮತ್ತು ಪಟ್ಟಿ, ದಪ್ಪ ಕಾಗದಕ್ಕೆ ಹೊಲಿದು ಇಟ್ಟದ್ದು. ಎರಡು, 4 ಸೆಂಟಿಮೀಟರ್ ವೃತ್ತವನ್ನು ಕತ್ತರಿಸಿದ ರಟ್ಟು. ವೃತ್ತದ ಮೇಲಿಟ್ಟಾಗ ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿರುವ ಹೂವನ್ನು ಬೇರೆ ಡಬ್ಬಕ್ಕೆ ಹಾಕಬೇಕು. ಅವು ಕೀಲಿಸರಕ್ಕೋ ಪರ್ಸಿಗೋ ಉಪಯೋಗವಾಗುತ್ತವೆ. ಮೂರು, ಗ್ರಾಮಿನಲ್ಲಿ ತೂಗುವ ಪುಟ್ಟ ತಕ್ಕಡಿ. ಒಂದು ಹೂವಿನ ತೂಕ ತೀರ ಕಡಿಮೆಯಾದುದರಿಂದ ಹತ್ತು ಹೂವುಗಳನ್ನು ಒಟ್ಟಿಗೆ ತೂಗಿ ನೂಲಿನ ಖರ್ಚು ತಿಳಿಯಬಹುದು.

ಮೊಬೈಲಿನ ವಿಡಿಯೋ ನೋಡಿ ಕಲಿಯುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಅಮೆರಿಕದವರು ಸಿಂಗಲ್ ಎನ್ನುವ ಕುಣಿಕೆಯನ್ನೇ ಬ್ರಿಟಿಷರು ಡಬಲ್ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಎರಡು ಸಂಘಗಳು ಬೇರೆ ಬೇರೆ ವಿಡಿಯೋ ನೋಡಿದರೆ ಒಂದೇ ಹೆಸರಿನ ಕುಣಿಕೆಯಿಂದ ಎರಡು ಅಳತೆಯ ಹೂವುಗಳು ಬರುತ್ತವೆ. ಈ ಲೇಖನದಲ್ಲಿ ಹೇಳಿರುವುದು ಅಮೆರಿಕದ ಪದ್ಧತಿಯ ಹೆಸರುಗಳು.

ಬಣ್ಣದ ವಿಷಯದಲ್ಲಿಯೂ ಜಾಗರೂಕತೆ ಬೇಕು. ನೂಲಿನ ಉಂಡೆಯ ಪಟ್ಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ ಇರುತ್ತದೆ. ಲಾಟ್ ಬದಲಾದರೆ ಒಂದೇ ಕೆಂಪು ಎರಡು ಛಾಯೆಯಾಗಿ ಕಾಣುತ್ತದೆ. ಆದ್ದರಿಂದ ಒಂದು ಬೇಡಿಕೆಗೆ ಬೇಕಾದ ನೂಲನ್ನು ಒಂದೇ ಲಾಟಿನಲ್ಲಿ ಕೊಳ್ಳುವುದು ಉಚಿತ. ಗಾಢ ಬಣ್ಣದ ನೂಲನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉಜ್ಜಿ, ಬಣ್ಣ ಬಿಡುವುದೇ ಎಂದು ನೋಡಿ ಬಳಸಬೇಕು. ನಮ್ಮ ಮಳೆಗಾಲದಲ್ಲಿ ಹತ್ತಿಗೆ ಬೂಷ್ಟು ಹಿಡಿಯುವುದು ಎಲ್ಲರಿಗೂ ತಿಳಿದದ್ದೇ. ತಯಾರಾದ ಹೂವುಗಳನ್ನು ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಬೇಕು. ಅಡುಗೆಮನೆಯ ಅಟ್ಟದಲ್ಲಿಟ್ಟರೆ ಹೊಗೆಯ ವಾಸನೆ ಹಿಡಿಯುತ್ತದೆ.

5. ಕೂಲಿಯ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರಬಹುದು. ಲೆಕ್ಕದ ಮಾದರಿಯೊಂದನ್ನು ಮುಂದೆ ಕೊಡಲಾಗಿದೆ. ಇಲ್ಲಿನ ವೇಗ ಮತ್ತು ನೂಲಿನ ಬೆಲೆ ಉದಾಹರಣೆಗೆ ಹಿಡಿದವು. ಪ್ರತಿ ಸಂಘ ತನ್ನ ಸದಸ್ಯೆಯರ ಕೆಲಸವನ್ನು ಗಡಿಯಾರ ನೋಡಿ ಅಳೆದು ಈ ಅಂಕಿಗಳನ್ನು ಬದಲಿಸಿಕೊಳ್ಳಬೇಕು.

ನಿಮಿಷಕ್ಕೆ ಹದಿನೈದು ಕುಣಿಕೆ ಹೆಣೆಯುವ ಮಹಿಳೆಯನ್ನು ತೆಗೆದುಕೊಳ್ಳೋಣ. ನೂರು ಸಾಲಿನ ಪಟ್ಟಿಯಲ್ಲಿ 1100 ಸಿಂಗಲ್ ಮತ್ತು ತಿರುಗುವಾಗಿನ ನೂರು ಚೈನ್ ಸೇರಿ ಸುಮಾರು 1200 ಕುಣಿಕೆಗಳಿವೆ. ಇದಕ್ಕೆ 80 ನಿಮಿಷ. ಹೂವಿನ 58 ಕುಣಿಕೆಗಳಿಗೆ ಸುಮಾರು 4 ನಿಮಿಷ. ಆದರೆ ನೂಲಿನ ಬಣ್ಣ ಬದಲಿಸುವುದು, ತುದಿಗಳನ್ನು ಒಳಗೆ ಸೇರಿಸುವುದು, ಕತ್ತರಿಸುವುದು ಕೂಡಿ ಇನ್ನೂ 4 ನಿಮಿಷ ಬೇಕು. ಹೀಗೆ ಐದು ಹೂವಿಗೆ 40 ನಿಮಿಷ. ಜೋಡಣೆ, ಹೊಲಿಗೆ, ಅಳತೆ ನೋಡುವುದಕ್ಕೆ 20 ನಿಮಿಷ. ಒಟ್ಟು 140 ನಿಮಿಷ, ಅಂದರೆ 2 ಗಂಟೆ 20 ನಿಮಿಷ.

ಹೊತ್ತಿಗೆ ಬೆಲೆ ಕಟ್ಟಲು ಸದಸ್ಯರಿಗೆಲ್ಲ ಪರಿಚಿತವಾದ ಅಳತೆಗೋಲೊಂದಿದೆ. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ನೇ ಸಾಲಿಗೆ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ ರೂ. 370. ಎಂಟು ಗಂಟೆಯ ದಿನವೆಂದು ಭಾಗಿಸಿದರೆ ಗಂಟೆಗೆ ರೂ. 46.25. ಈ ದರದಲ್ಲಿ 140 ನಿಮಿಷಕ್ಕೆ ಸುಮಾರು ರೂ. 108. ನೂಲಿಗೆ ರೂ. 30 ಎಂದು ಹಿಡಿದರೆ ರೂ. 138. ಹಾಳಾದ ತುಂಡು, ಕಟ್ಟುವ ಕಾಗದ, ಸಾಗಾಟ ಮುಂತಾದವುಗಳಿಗೆ ನೂರಕ್ಕೆ ಹತ್ತು ಸೇರಿಸಿದರೆ ರೂ. 152 ಆಗುತ್ತದೆ. ಇದರ ಮೇಲೆ ಅಂಗಡಿಯವನ ಲಾಭ ಬೇರೆ.

ಈಗ ವ್ಯಾಪಾರಿಯೊಬ್ಬನು ಬಂದು, ನೂಲು ನಿಮ್ಮದೇ, ಪಟ್ಟಿಗೆ ರೂ. 60 ಕೊಡುತ್ತೇನೆ ಎನ್ನುತ್ತಾನೆ ಎಂದುಕೊಳ್ಳೋಣ. ನೂಲಿನ ರೂ. 30 ಕಳೆದರೆ 140 ನಿಮಿಷದ ದುಡಿಮೆಗೆ ಉಳಿಯುವುದು ರೂ. 30. ಎಂಟು ಗಂಟೆಗೆ ಲೆಕ್ಕ ಹಾಕಿದರೆ ಸುಮಾರು ರೂ. 103, ಉದ್ಯೋಗ ಖಾತರಿಯ ಕೂಲಿಯ ಮೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಕೈಗೆ ಅರುವತ್ತು ರೂಪಾಯಿ ಬಂದಾಗ ಈ ನಷ್ಟ ಕಾಣುವುದಿಲ್ಲ. ಹೊತ್ತನ್ನು ಬರೆದಿಟ್ಟಾಗ ಮಾತ್ರ ಕಾಣುತ್ತದೆ.

ಲೆಕ್ಕ ಗೊತ್ತಿದ್ದ ಮೇಲೆ ಸಂಘಕ್ಕೆ ಮೂರು ದಾರಿಗಳಿವೆ. ಬೆಲೆ ಹೆಚ್ಚಿಸಲು ಕೇಳುವುದು. ಪಟ್ಟಿಯ ಅಗಲ ಇಳಿಸಿ ಅಥವಾ ಹೂವಿನ ಸಂಖ್ಯೆ ಮೂರಕ್ಕೆ ಇಳಿಸಿ ಹೊತ್ತು ಕಡಿಮೆ ಮಾಡುವುದು. ಇಲ್ಲವೇ ಆ ಬೇಡಿಕೆಯನ್ನು ಬಿಡುವುದು. ಉದಾಹರಣೆಗೆ ಹನ್ನೊಂದರ ಬದಲು ಆರು ಸಿಂಗಲಿನ ಪಟ್ಟಿಯಾದರೆ ನೂರು ಸಾಲಿಗೆ 1200ರ ಬದಲು 700 ಕುಣಿಕೆಗಳು, ಸುಮಾರು 47 ನಿಮಿಷ ಸಾಕು. ಮೂರನೆಯ ದಾರಿಯೂ ಗೌರವದ ದಾರಿಯೇ ಎಂಬುದನ್ನು ಸಂಘದ ಸಭೆಯಲ್ಲಿ ಹೇಳುವವರು ಬೇಕು.

ಬೇಡಿಕೆ ಒಪ್ಪುವ ಮುನ್ನ ಇದೇ ಲೆಕ್ಕದಿಂದ ಅವಧಿಯನ್ನೂ ತಿಳಿಯಬಹುದು. ಇನ್ನೂರು ಪಟ್ಟಿಗೆ ಸಾವಿರ ಹೂವು, ಒಟ್ಟು ಸುಮಾರು 467 ಗಂಟೆ. ಹತ್ತು ಮಹಿಳೆಯರು ದಿನಕ್ಕೆ ಮೂರು ಗಂಟೆ ಕೆಲಸ ಮಾಡಿದರೆ ಹದಿನಾರು ದಿನ. ಅಡಿಕೆ ಕೊಯ್ಲು, ಸುಲಿತದ ದಿನಗಳಲ್ಲಿ ಮೂರು ಗಂಟೆ ಸಿಗುವುದಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬೇಸಿಗೆಯ ಆರಂಭದಲ್ಲಿ ಬರುತ್ತದೆ. ಜಾತ್ರೆಯ ಮಾರಾಟಕ್ಕೆ ಬೇಕಾದ ಹೂವುಗಳು ಹಿಂದಿನ ಮಳೆಗಾಲದಲ್ಲಿಯೇ ಹೆಣಿಗೆಯಾಗಿರಬೇಕು ಎಂದು ಇದರಿಂದ ತಿಳಿಯುತ್ತದೆ.

6. ಎರಡು ಪಾಠಗಳು

ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ ಭಾರತದ ಕ್ರೋಶಾ ಲೇಸಿಗೆ ಹೆಸರಾದ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕ ಬಂದ ಈ ಕೆಲಸ ಅಲ್ಲಿನ ಹಳ್ಳಿಗಳ ಮನೆಮನೆಗೆ ಹಬ್ಬಿ, ವಿದೇಶಗಳಿಗೆ ರಫ್ತಾಗುವ ಉದ್ಯಮವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಮಹಿಳೆಯರ ದುಡಿಮೆಯನ್ನು ಅಧ್ಯಯನ ಮಾಡಿ 1982ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮನೆಗೆಲಸದ ಜೊತೆಗೆ ದಿನಕ್ಕೆ ಆರರಿಂದ ಎಂಟು ಗಂಟೆ ಹೆಣೆಯುತ್ತಿದ್ದರೂ ಆ ಮಹಿಳೆಯರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಅವರು ಗೃಹಿಣಿಯರು, ಅವರದು ಬಿಡುವಿನ ಕೆಲಸ ಎಂಬ ಮಾತೇ ಕೂಲಿಯನ್ನು ಕೆಳಗೆ ಹಿಡಿದಿತ್ತು. ಲಾಭ ಮಧ್ಯವರ್ತಿಗಳಿಗೂ ರಫ್ತುದಾರರಿಗೂ ಹೋಗುತ್ತಿತ್ತು. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಮಾನ್ಯತೆ ಊರಿನ ಹೆಸರನ್ನು ಕಾಯುತ್ತದೆ. ಹೆಣೆಯುವವರ ಕೂಲಿಯನ್ನು ಕಾಯಲು ಲೆಕ್ಕದ ಪುಸ್ತಕವೇ ಬೇಕು. "ಹೊತ್ತು ಹೋಗಲಿ ಎಂದು ಮಾಡಿದ್ದು" ಎಂಬ ನಮ್ಮೂರಿನ ಮಾತನ್ನು ಈ ಹಿನ್ನೆಲೆಯಲ್ಲಿ ಕೇಳಿಸಿಕೊಳ್ಳಬೇಕು.

ಎರಡನೆಯ ಪಾಠ ನಮ್ಮ ಜಿಲ್ಲೆಯದೇ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಕೌದಿಯ ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನು ಹೊಲಿದು ಅದನ್ನು ಫೂಲ, ಅಂದರೆ ಹೂವು ಎನ್ನುತ್ತಾರೆ. ಫೂಲವಿಲ್ಲದ ಕೌದಿ ಬರಿದು ಎಂಬ ಭಾವನೆ ಅವರಲ್ಲಿದೆ. ಮನೆಯ ಮಕ್ಕಳು ಹೊದೆಯಲೆಂದು ಹೊಲಿಯುತ್ತಿದ್ದ ಈ ಕೌದಿಗಳು 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘಟನೆ ರೂಪುಗೊಂಡ ಬಳಿಕ ಹೊರನಾಡಿನ ಪ್ರದರ್ಶನಗಳನ್ನೂ ಕಂಡವು. ಕೌದಿಯನ್ನು ಕೊಳ್ಳುವವರು ಅದರ ಹಿಂದಿನ ಕೈಯನ್ನೂ ಸಮುದಾಯವನ್ನೂ ತಿಳಿದು ಕೊಳ್ಳುತ್ತಾರೆ. ಬೇರೆ ಊರಿನ ವಿನ್ಯಾಸವನ್ನು ನಕಲು ಮಾಡುವುದಕ್ಕಿಂತ ನಮ್ಮದೇ ಸುರಗಿ, ನಂದಿಬಟ್ಟಲು, ದಾಸವಾಳಗಳನ್ನು ಹೆಣೆದು, ಹೆಣೆದವರ ಸಂಘದ ಹೆಸರನ್ನು ಚೀಟಿಯಲ್ಲಿ ಬರೆದು ಮಾರುವುದು ಲಾಭಕರ ಎಂಬುದಕ್ಕೆ ಇದು ಸಾಕ್ಷಿ.

7. ಗ್ರಾಮ ಪಂಚಾಯತಿ ಮಾಡಬಹುದಾದದ್ದು

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಖಾದಿ, ಗ್ರಾಮ ಮತ್ತು ಗುಡಿ ಕೈಗಾರಿಕೆಗಳೂ ಒಂದು. ಆದ್ದರಿಂದ ಈ ವಿಷಯವನ್ನು ಗ್ರಾಮ ಪಂಚಾಯತಿಯ ಸಭೆಯಲ್ಲಿ ಚರ್ಚಿಸುವುದು ಸದಸ್ಯರ ಕರ್ತವ್ಯದ ಪರಿಧಿಯೊಳಗೇ ಇದೆ. ಇದಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ. ಮುಂದಿನ ಕ್ರಮಗಳನ್ನು ಪರಿಶೀಲಿಸಬಹುದಾಗಿದೆ.

(ಅ) ತರಬೇತಿಗೆ ಮೊದಲು ಕೊಳ್ಳುವವರನ್ನು ಹುಡುಕುವುದು. ಬೇಡಿಕೆಯ ಅಳತೆ, ಬಣ್ಣ, ಸಂಖ್ಯೆ, ದರ, ಹಣ ಪಾವತಿಯ ದಿನಾಂಕ ಇವಿಷ್ಟನ್ನು ಒಂದು ಪುಟದಲ್ಲಿ ಬರೆಸಿ, ಒಕ್ಕೂಟದ ಹೆಸರಿನಲ್ಲಿ ಸಹಿ ಪಡೆಯುವುದು. ನೂಲು ಯಾರದ್ದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು.

(ಆ) ತರಬೇತಿಗೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಂತಹ ಸಂಸ್ಥೆಗಳನ್ನು ಸಂಪರ್ಕಿಸಿ, ಸ್ಥಳೀಯವಾಗಿ ಬಲ್ಲವರಿದ್ದರೆ ಅವರಿಂದಲೇ ಕಲಿಸುವುದು. ತರಬೇತಿಯ ಕೊನೆಯ ದಿನ ಪ್ರತಿಯೊಬ್ಬರ ಒಂದು ಹೂವಿನ ಹೊತ್ತನ್ನು ಅಳೆದು ಬರೆಯುವುದು.

(ಇ) ಸಂಜೀವಿನಿ ಯೋಜನೆಯಡಿ ಇರುವ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟದ ಮೂಲಕ ನೂಲನ್ನು ಒಟ್ಟಾಗಿ ಖರೀದಿಸುವುದು. ಸಮುದಾಯ ಬಂಡವಾಳ ನಿಧಿಯಿಂದ ಸಾಲ ಪಡೆದರೆ ವ್ಯಾಪಾರಿಯಿಂದ ಮುಂಗಡ ಪಡೆದು ದರದ ಹಿಡಿತ ಕಳೆದುಕೊಳ್ಳುವ ಪ್ರಸಂಗ ಬರುವುದಿಲ್ಲ.

(ಈ) ಮುಖ್ಯ ಪುಸ್ತಕ ಬರಹಗಾರರ ದಾಖಲೆಯಲ್ಲಿ ಪಡೆದ ನೂಲು, ಕೊಟ್ಟ ಹೂವು, ಹಿಡಿದ ಹೊತ್ತು, ಸಂದ ಹಣ ಎಂಬ ನಾಲ್ಕು ಅಂಕಣಗಳನ್ನು ಸೇರಿಸುವುದು. ಹಣ ನೇರವಾಗಿ ಸದಸ್ಯೆಯ ಖಾತೆಗೇ ಹೋಗಬೇಕು.

(ಉ) ಪಂಚಾಯತಿಯ ಅರಿವು ಕೇಂದ್ರದಲ್ಲಿ ವಾರಕ್ಕೊಂದು ಮಧ್ಯಾಹ್ನ ಹೂವು ಸಂಗ್ರಹ ಮತ್ತು ಅಳತೆಗೆ ಜಾಗ ಕೊಡುವುದು. ಮಾದರಿ ಹೂವು, ಪಟ್ಟಿ ಮತ್ತು ಒಪ್ಪಿದ ದರವನ್ನು ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ಹಾಕುವುದು.

(ಊ) ಮಾರಾಟಕ್ಕೆ ಸರಸ್ ಮೇಳ, ಬನವಾಸಿಯ ಕದಂಬೋತ್ಸವ, ಮಾರಿಕಾಂಬಾ ಜಾತ್ರೆ ಹಾಗೂ ಸಹಸ್ರಲಿಂಗ, ಸಾತೊಡ್ಡಿ, ಮಾಗೋಡು, ಉಂಚಳ್ಳಿಯಂತಹ ಪ್ರವಾಸಿ ಸ್ಥಳಗಳ ಅಂಗಡಿಗಳನ್ನು ಪರಿಗಣಿಸುವುದು. ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದರಿಂದ ಸಂಘದ ಪ್ರತಿನಿಧಿ ತಾಲ್ಲೂಕು ಕೇಂದ್ರಕ್ಕೆ ಹೋಗಿ ಮೂರು ಅಂಗಡಿಗಳಲ್ಲಿ ದರ ವಿಚಾರಿಸಿ ಬರುವುದು ಖರ್ಚಿನ ಕೆಲಸವಲ್ಲ.

(ಋ) ಆಶ್ವಾಸನೆ ಕೊಡುವಾಗ ಎಚ್ಚರ ವಹಿಸುವುದು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿ, ಹೂಮಾಲೆ ಕಟ್ಟುವವರು, ಗೊಂಬೆ ತಯಾರಕರು ಇದ್ದಾರೆ. ಕ್ರೋಶಾ ಹೆಣೆಯುವವರು ಪ್ರತ್ಯೇಕವಾಗಿ ಇಲ್ಲ. ಆ ಸೌಲಭ್ಯ ಸಿಗುತ್ತದೆಂದು ಹೇಳಿ ಅರ್ಜಿ ಹಾಕಿಸುವುದು ತಪ್ಪಾಗುತ್ತದೆ.

ಹೆಣಿಗೆ ಎಲ್ಲರಿಗೂ ಪೂರ್ಣ ಜೀವನೋಪಾಯವಾಗುತ್ತದೆ ಎಂದು ಹೇಳುವುದು ಸರಿಯಲ್ಲ. ದಿನಕ್ಕೆ ಎರಡು ಗಂಟೆ ಬಿಡುವಿರುವ ಮಹಿಳೆಗೆ ಅದು ಎರಡು ಗಂಟೆಯ ಆದಾಯವನ್ನೇ ಕೊಡಬಲ್ಲದು. ಆ ಎರಡು ಗಂಟೆಗೆ ತಕ್ಕ ಹಣ ಬರಬೇಕು ಎಂಬುದಷ್ಟೇ ಇಲ್ಲಿನ ಬೇಡಿಕೆ. ಮುಂದಿನ ಮಹಿಳಾ ಗ್ರಾಮ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ನಿಂತು, "ಅಕ್ಕ, ಈ ಹೂವಿಗೆ ಎಷ್ಟು ಹೊತ್ತು ಹಿಡಿಯಿತು?" ಎಂದು ಕೇಳಿ, ಬಂದ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿದರೆ ಸಾಕು. ಅಡಿಕೆ ಸುಲಿತದ ಕೂಲಿಯಂತೆ ಕ್ರೋಶಾ ಹೂವಿನ ಕೂಲಿಯೂ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕವಾಗಲು ಅದೇ ಮೊದಲ ದಾಖಲೆಯಾಗುತ್ತದೆ.